ಸಾಕಿದ ತುಕ್ಕು

ಆಷಾಢ ಬಂದರೆ ಚಾಂಪಿಯನ್ ರೀಫ್ಸಿನಲ್ಲಿ
ಸೈನೈಡ್ ದಿಬ್ಬ ಎದ್ದು ಓಡಾಡುತ್ತದೆ.
ಒಣಹಾಕಿದ ಬಟ್ಟೆಯ ಮೇಲೆ, ಕಾಫಿ ಲೋಟದ ಅಂಚಿನ ಮೇಲೆ,
ಮೂರು ಬೀಗ ಹಾಕಿದ ನಮ್ಮ ಶಸ್ತ್ರಾಗಾರದ ಒಳಗೂ
ಬಂದು ಕೂರುತ್ತದೆ, ಯಾವ ಪಾಸೂ ಇಲ್ಲದೆ.

ನನ್ನನ್ನು ಅಲ್ಲಿಗೆ ಹಾಕಿದ ದಿನ
ಹೆಡ್ ಕಾನ್‌ಸ್ಟೇಬಲ್ ಆರೋಗ್ಯಸ್ವಾಮಿ ಮೊದಲು ನೋಡಿದ್ದು
ಆರ್ಡರ್ ಕಾಗದವನ್ನಲ್ಲ, ಅಂಗೈಯನ್ನು.
"ಬೆವರುತ್ತಾ?"
"ಬೆವರುತ್ತೆ ಸಾರ್."
"ಎಷ್ಟು?"
ಹೆಣ್ಣು ನೋಡಲು ಬಂದವರೂ ಇಷ್ಟು ವಿಚಾರಿಸಿರಲಿಲ್ಲ.

ಕೆಲವರದು ಉಪ್ಪಿನ ಕೈಯಂತೆ;
ಮುಟ್ಟಿದ ಮೂರನೇ ದಿನಕ್ಕೆ ಕಬ್ಬಿಣ ಕೆಂಪಗೆ ದೂರು ಹೇಳುತ್ತದಂತೆ.
ಫ್ಲಾನೆಲ್ ಬಟ್ಟೆ ಕೊಟ್ಟರು, ಒಂದು ಸಣ್ಣ ಶೀಶೆ ಎಣ್ಣೆ.
ಎರಡು ತೊಟ್ಟು. ಮೂರಾದರೆ ದೂಳು ಅದರಲ್ಲಿ ಕಲಸಿಕೊಂಡು
ಸಾಣೆಕಲ್ಲಾಗುತ್ತದೆ.
ಬಾಯಿಂದ ಊದಬೇಡ, ಉಸಿರಲ್ಲೂ ನೀರಿದೆ.
ಚರ್ಮದ ಚೀಲದಲ್ಲಿ ಮಲಗಿಸಬೇಡ,
ಸತ್ತ ಮೇಲೂ ಚರ್ಮ ನೀರು ಕುಡಿಯುತ್ತೆ.

ಈ ಕಪ್ಪು ಬಣ್ಣವಲ್ಲ ಅಂತ ಗೊತ್ತಾಗಿದ್ದು ಎರಡನೇ ವಾರ.
ಬಣ್ಣವಾಗಿದ್ದರೆ ಸಿಪ್ಪೆ ಏಳಬೇಕಿತ್ತು.
ಇದು ಸುಮ್ಮನೆ ತೆಳ್ಳಗಾಗುತ್ತದೆ,
ಮೊದಲು ನಳಿಗೆಯ ತುದಿ, ಆಮೇಲೆ ಗಾಲಿಯ ಅಂಚು,
ಹಳೇ ಸೈಕಲ್ಲಿನ ಬೆಲ್ಲಿನ ಹಾಗೆ ಒಳಗಿನ ಬಿಳುಪು ಬಿಡುತ್ತಾ.
"ಇದೂ ತುಕ್ಕೇಮ್ಮಾ," ಅಂದರು ಸ್ವಾಮಿ,
"ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಬರಿಸಿದ್ದು.
ಕೆಂಪು ತಿನ್ನುತ್ತೆ, ಕಪ್ಪು ಕಾಯುತ್ತೆ,
ಒಂದೇ ತಾಯಿ ಮಕ್ಕಳು. ಒಂದನ್ನ ಸಾಕಿದೀವಿ, ಅಷ್ಟೆ."

ಅವರ ಅಪ್ಪ ಎರಡು ಮೈಲಿ ಆಳದಲ್ಲಿ ಚಿನ್ನದ ಕಲ್ಲು ಒಡೆದವನು.
"ಚಿನ್ನಕ್ಕೆ ಆರೈಕೆ ಬೇಡ. ಅದಕ್ಕೇ ಅದರ ಮೇಲೆ
ನನಗೆ ಮರ್ಯಾದೆ ಇಲ್ಲ."

ನನಗೆ ಬಂಗಾರಪೇಟೆಯ ನಮ್ಮಮ್ಮ ನೆನಪಾದಳು.
ಹೊಸ ಕಾವಲಿಯನ್ನು ವಾರವಿಡೀ ಗಂಜಿಯಲ್ಲಿ ನೆನೆಹಾಕಿ
ಅರ್ಧ ಈರುಳ್ಳಿ ಎಣ್ಣೆಗದ್ದಿ ಉಜ್ಜಿ ಉಜ್ಜಿ
ಕರಿ ಬರಿಸುತ್ತಿದ್ದಳು. ಅದಕ್ಕೆ ಸೋಪು ಹಾಕಿದ ಅತ್ತಿಗೆಗೆ
ಇವತ್ತಿಗೂ ಕ್ಷಮೆಯಿಲ್ಲ.
ಹೇಳಿದೆ. ಸ್ವಾಮಿ ಮೊದಲ ಸಲ ನಕ್ಕರು:
"ಹಂಗಾದ್ರೆ ನಿನಗೆ ಕೆಲಸ ಬರುತ್ತೆ."

ಹದಿನೇಳನೇ ನಂಬರಿನ ರಿವಾಲ್ವರು
ಇಪ್ಪತ್ತೆಂಟು ವರ್ಷದಲ್ಲಿ ಗುರಿಹಲಗೆ ಬಿಟ್ಟರೆ
ಯಾರ ಕಡೆಗೂ ಹಾರಿಲ್ಲ. ಆದರೂ ಮೈಯೆಲ್ಲ ಬೋಳು.
"ಇದನ್ನ ಸವೆಸಿದ್ದು ನಾನೇ. ದಿನಾ ಒರೆಸಿ ಒರೆಸಿ,"
ಅಂದರು. ಅಂದು, ಮತ್ತೆ ಒರೆಸಿದರು.

ಶ್ರಾವಣದ ಒಂದು ರಾತ್ರಿ, ಹನ್ನೊಂದು ದಾಟಿತ್ತು,
ಒಬ್ಬ ಸಬ್ ಇನ್‌ಸ್ಪೆಕ್ಟರು ತಮ್ಮ ಪಿಸ್ತೂಲನ್ನು
ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು.
ಎಣಿಸಿದೆವು. ಗುಂಡು ಒಂದೂ ಕಮ್ಮಿಯಿಲ್ಲ.
ಆದರೆ ಕುದುರೆಯ ಪಕ್ಕ, ಕಪ್ಪಿನ ಮೇಲೆ ಕೆಂಪಗೆ,
ಗೆರೆಗೆರೆ ತಿಳಿಯುವಷ್ಟು, ಹೆಬ್ಬೆರಳು.
ಬಹಳ ಹೊತ್ತು ಬೆವರಿ ಅದುಮಿ ಹಿಡಿದದ್ದು,
ಆಮೇಲೆ ಒರೆಸುವುದನ್ನೂ ಮರೆತದ್ದು.
ಸ್ವಾಮಿ ದೀಪದ ಕೆಳಗೆ ಹೊರಳಿಸಿ ಹೊರಳಿಸಿ ನೋಡಿದರು.
ತಂದವರ ಮುಖ ನೋಡಲಿಲ್ಲ.
"ಇದು ಇಲ್ಲೇ ಇರಲಿ ಸಾರ್. ಹೊಸ ಕಪ್ಪು ಕೂರೋಕೆ
ಒಂದು ತಿಂಗಳು ಬೇಕು."

ಅದು ಒಂದು ಮಧ್ಯಾಹ್ನದ ಕೆಲಸ. ನನಗೂ ಗೊತ್ತಿತ್ತು.
ರಿಜಿಸ್ಟರಿನಲ್ಲಿ 'ದುರಸ್ತಿಗೆ' ಅಂತ ಬರೆದೆ,
ವಾಪಸಿನ ತಾರೀಕಿನ ಕಲಂ ಖಾಲಿ ಬಿಟ್ಟೆ.

ಬುಧವಾರಕ್ಕೇ ಅದು ಮರಿಕಾಗೆಯ ಹಾಗೆ ಕಪಾಟಿನಲ್ಲಿತ್ತು.
ಸಾಹೇಬರು ದಿನಾ ಸಂಜೆ ಬಂದು ಕೇಳುತ್ತಾರೆ, "ಆಯ್ತಾ?"
"ಇನ್ನೂ ಹಿಡೀತಿಲ್ಲ ಸಾರ್. ದೂಳು ನೋಡಿ. ಕೂತ್ಕೊಳಿ."
ಮುಕ್ಕಾಲು ಗಂಟೆ ಕೂರುತ್ತಾರೆ. ಮಗಳ ಹಲ್ಲು ಬಿದ್ದದ್ದು,
ಆಂಡರ್ಸನ್‌ಪೇಟೆಯಲ್ಲಿ ನೀರಿನ ಟ್ಯಾಂಕರಿಗೆ ಆದ ಜಗಳ,
ಹೀಗೇ ಏನಾದರೂ.
ಹೊರಗೆ ದಿಬ್ಬ ಓಡಾಡುತ್ತಿರುತ್ತದೆ.
ನಾನು ಎರಡೇ ತೊಟ್ಟು ಎಣ್ಣೆ ಹಾಕಿಕೊಂಡು
ಹದಿನೇಳನ್ನು ಒರೆಸುತ್ತಾ ಕೇಳುತ್ತಿರುತ್ತೇನೆ.